ಟೆರೇಸಿನ ಮೇಲಿನ ಟ್ಯಾಂಕರ್: ಬಳಕೆದಾರರ ಕೈಪಿಡಿ

ಉಪಕರಣದ ಪರಿಚಯ

ಹೈದರಾಬಾದಿನ ಕುಷಾಯಿಗೂಡದಲ್ಲಿ ಮನೆ ಮಾಡಿದ್ದಕ್ಕೆ ಅಭಿನಂದನೆಗಳು. ಬಾಡಿಗೆಯದೋ ಸ್ವಂತದ್ದೋ, ನಿಮ್ಮ ಟೆರೇಸಿನ ಜೊತೆಗೆ ಈ ಉಪಕರಣ ಪುಕ್ಕಟೆಯಾಗಿ ಬಂದಿದೆ. ಕರಾರುಪತ್ರದಲ್ಲಿ ಇದರ ಉಲ್ಲೇಖ ಇರುವುದಿಲ್ಲ. ಮೆಂಟೆನೆನ್ಸ್ ಲೆಕ್ಕದಲ್ಲೂ ಇಲ್ಲ. ಮಾಲೀಕರಿಗೆ ಗೊತ್ತಾಗಿದ್ದರೆ ಇರುತ್ತಿತ್ತು.

ಟೆರೇಸು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಜುಲೈ ತಿಂಗಳ ಒಂದು ಸಾಧಾರಣ ದಿನ, ಅದರ ನೆತ್ತಿಯ ಮೇಲಿರುವ ಗಾಳಿಯಲ್ಲಿನ ನೀರಾವಿಯನ್ನೆಲ್ಲ ಹಿಂಡಿ ಕೆಳಗಿಳಿಸಿದರೆ ಟೆರೇಸಿನ ತುಂಬ ಸುಮಾರು 5 ಸೆಂಟಿಮೀಟರ್ ನೀರು ನಿಲ್ಲುತ್ತದೆ. ಅಂದರೆ 5,000 ಲೀಟರ್. ಬೇಸಿಗೆಯಲ್ಲಿ ಜಲಮಂಡಳಿಗೆ ಫೋನು ಹಚ್ಚಿ, ಬುಕ್ ಮಾಡಿ, ದಾರಿ ಕಾಯ್ದು, ಕೊನೆಗೆ ಪಕ್ಕದ ಅಪಾರ್ಟ್‌ಮೆಂಟಿಗೆ ಹೋಗಿಬಿಡುವ ಟ್ಯಾಂಕರು ಹಿಡಿಸುವುದೂ ಅಷ್ಟೇ. ಒಂದು ಟ್ಯಾಂಕರು ಸದಾ ನಿಮ್ಮ ತಲೆಯ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಅದು ಪೂರ್ತಿ ತುಂಬಿರುವುದಿಲ್ಲ, ಆದರೂ ಬರಿದಾಗುವುದೆಂಬುದೇ ಇಲ್ಲ.

ಗಮನಿಸಿ: ಉಪಕರಣ ಕಣ್ಣಿಗೆ ಕಾಣಿಸದು. ಕಾಣುವ ಮೋಡವೇ ಟ್ಯಾಂಕರು ಎಂದು ನಂಬಿ ಹಲವು ಬಳಕೆದಾರರು ದೂರು ಕೊಟ್ಟಿದ್ದಾರೆ. ಮೋಡವೆಂದರೆ ಆಗಲೇ ಹನಿಗಟ್ಟಿದ ನೀರು, ಒಟ್ಟು ದಾಸ್ತಾನಿನಲ್ಲಿ ತೀರ ಸಣ್ಣ ಪಾಲು. ಉಳಿದದ್ದೆಲ್ಲ ಬಣ್ಣವಿಲ್ಲದ ಆವಿ. ಅದರ ಅರ್ಧಕ್ಕೂ ಹೆಚ್ಚು ನೆಲದಿಂದ ಎರಡು ಮೂರು ಕಿಲೋಮೀಟರಿನೊಳಗೇ ಇರುತ್ತದೆ.

ಸಾಮರ್ಥ್ಯ

ಜಗತ್ತಿನ ಸರಾಸರಿ ತೆಗೆದರೆ ಆಕಾಶದ ದಾಸ್ತಾನು ಬರೀ 2.5 ಸೆಂ.ಮೀ. ಆದರೆ ಜಗತ್ತಿನ ಮೇಲೆ ವರ್ಷಕ್ಕೆ ಸುರಿಯುವ ಮಳೆಯ ಸರಾಸರಿ ಒಂದು ಮೀಟರಿನ ಹತ್ತಿರ. ಅಂದರೆ ಆಕಾಶ ವರ್ಷಕ್ಕೆ ಸುಮಾರು ನಲವತ್ತು ಸಲ ಬರಿದಾಗುವಷ್ಟು ಸುರಿಸಿ ಅಷ್ಟೇ ಸಲ ತುಂಬಿಕೊಳ್ಳುತ್ತದೆ. ಒಂದು ಹನಿ ಆವಿ ಗಾಳಿಯಲ್ಲಿ ತಂಗುವುದು ಒಂಬತ್ತು ಹತ್ತು ದಿನ. ಹೈದರಾಬಾದಿನ ವಾರ್ಷಿಕ ಮಳೆ ಸುಮಾರು 80 ಸೆಂ.ಮೀ.; ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರಿನೊಳಗೆ ಮುಗಿಯುತ್ತದೆ. ಹಾಗಾಗಿ ಇದನ್ನು ನೀರು ಕೂಡಿಡುವ ಟಾಕಿ ಎಂದು ತಿಳಿದರೆ ಮುಂದಿನ ಪುಟಗಳು ಅರ್ಥವಾಗುವುದಿಲ್ಲ. ನಿಂತ ಟ್ಯಾಂಕರಿನಿಂದ ಊರಿಗೆ ಮಳೆ ಬರುವುದಿಲ್ಲ, ಬಂದು ಹೋಗುವ ಟ್ಯಾಂಕರಿನಿಂದ ಬರುತ್ತದೆ.

ಮುಚ್ಚಳ

ಉಪಕರಣಕ್ಕೆ ಮೇಲೊಂದು ಮುಚ್ಚಳವಿದೆ. ಅದನ್ನು ತೆರೆಯಲು ಯತ್ನಿಸಬೇಡಿ. ನಮ್ಮ ತಲೆಯ ಮೇಲೆ ಹದಿನಾರು ಹದಿನೇಳು ಕಿಲೋಮೀಟರಿನಲ್ಲಿ ಗಾಳಿ ಮೈನಸ್ 80 ಡಿಗ್ರಿಯ ಆಸುಪಾಸಿಗೆ ತಣಿಯುತ್ತದೆ. ಅಲ್ಲಿಯವರೆಗೆ ಏರಿ ಬಂದ ಆವಿ ಹಿಮದ ಹರಳಾಗಿ ಉದುರಿ, ಆಚೆಗೆ ದಾಟುವ ಗಾಳಿ ಬಹುತೇಕ ಒಣಗಿಹೋಗಿರುತ್ತದೆ: ಹತ್ತು ಲಕ್ಷ ಅಣುಗಳಲ್ಲಿ ನೀರಿನವು ನಾಲ್ಕೈದು. ವಾಯುಮಂಡಲದ ಮೇಲಂತಸ್ತು ಇಷ್ಟೊಂದು ಒಣಗಿರುವುದನ್ನು ಕಂಡು, ಅಲ್ಲಿಗೆ ಗಾಳಿ ಹತ್ತುವುದು ಉಷ್ಣವಲಯದ ಈ ಕೊರೆಯುವ ಬಾಗಿಲಿನಿಂದಲೇ ಇರಬೇಕೆಂದು ಅಲನ್ ಬ್ರೂಯರ್ 1949ರಲ್ಲಿ ಊಹಿಸಿದರು. ಈ ಮುಚ್ಚಳ ಇಲ್ಲದಿದ್ದರೆ ಭೂಮಿಯ ನೀರು ಮೆಲ್ಲಮೆಲ್ಲಗೆ ಸೋರಿ ಬಾಹ್ಯಾಕಾಶದ ಪಾಲಾಗುತ್ತಿತ್ತು.

ಈ ಭಾಗದ ತಪಾಸಣೆಗೆ ನೀವು ದೂರ ಹೋಗಬೇಕಾಗಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರ ಇಸಿಐಎಲ್ ನೆರೆಯಲ್ಲೇ ಇದೆ. ಮತಯಂತ್ರ ತಯಾರಿಸುವ ಇಸಿಐಎಲ್ ಎಲ್ಲರಿಗೂ ಗೊತ್ತು. ಅರ್ಧ ಶತಮಾನಕ್ಕೂ ಮಿಕ್ಕಿ ಆಕಾಶಕ್ಕೆ ಬಲೂನು ಬಿಡುತ್ತಿರುವ ಈ ನೆರೆಮನೆ ಅಷ್ಟು ಗೊತ್ತಿಲ್ಲ. ಮೂವತ್ತು ಕಿಲೋಮೀಟರಿಗೂ ಮೇಲೆ ಉಪಕರಣಗಳನ್ನು ಒಯ್ಯುವ ಬಲೂನುಗಳು ಅವು. 2001ರಲ್ಲಿ ಜಯಂತ ನಾರ್ಳೀಕರ್ ಅವರ ತಂಡ ಇಲ್ಲಿಂದಲೇ ಬಲೂನು ಹಾರಿಸಿ, ಮೇಲಿನ ಗಾಳಿಯಲ್ಲಿ ಸೂಕ್ಷ್ಮಜೀವಿಗಳಿವೆಯೇ ಎಂದು ಹುಡುಕಿತ್ತು.

ಹಾರಿದ್ದು ಇಳಿಯಲೇಬೇಕು. ಎಲ್ಲಿ ಎಂಬುದನ್ನು ಗಾಳಿಯೂ ನಿರ್ಧರಿಸುತ್ತದೆ. 2025ರ ಜನವರಿಯಲ್ಲಿ ಇಂಥದೊಂದು ಬಲೂನು ಬೀದರ ಜಿಲ್ಲೆ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಇಳಿದು, ಇಡೀ ಊರು ಅಲ್ಲಿ ನೆರೆದಿತ್ತು. ತೆಲಂಗಾಣದ ಗಾಳಿ, ಕರ್ನಾಟಕದ ಗಾಳಿ ಎಂದು 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವಾಗ ಯಾರೂ ಗೆರೆ ಎಳೆದಿರಲಿಲ್ಲವಲ್ಲ.

ಕೊಳಾಯಿ ಜೋಡಣೆ

ಉಪಕರಣಕ್ಕೆ ಎರಡು ದೊಡ್ಡ ಒಳಹರಿವಿನ ಕೊಳವೆಗಳಿವೆ, ಒಂದು ಚಿಕ್ಕದೂ ಇದೆ. ಯಾವುದಕ್ಕೂ ನಲ್ಲಿ ಇಲ್ಲ.

ಪಶ್ಚಿಮದ ಕೊಳವೆ ಶುರುವಾಗುವುದು ಸಮಭಾಜಕ ರೇಖೆಯ ಆಚೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಅಲ್ಲಿನ ಗಾಳಿ ಆಫ್ರಿಕದ ಪೂರ್ವ ಕರಾವಳಿಯ ಬೆಟ್ಟಗಳಿಗೆ ಆತುಕೊಂಡು ಉತ್ತರಕ್ಕೆ ನುಗ್ಗಿ, ಸೊಮಾಲಿಯ ಬಳಿ ಬಲಕ್ಕೆ ತಿರುಗಿ, ಅರಬ್ಬಿ ಸಮುದ್ರ ದಾಟಿ ನಮ್ಮ ಕರಾವಳಿಗೆ ಬಡಿಯುತ್ತದೆ. ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ರಭಸ ಹೆಚ್ಚು. ಈ ಹರಿವನ್ನು ನಕ್ಷೆಯ ಮೇಲೆ ಮೊದಲು ಸ್ಪಷ್ಟವಾಗಿ ಬಿಡಿಸಿದವರು ಹವಾಮಾನ ವಿಜ್ಞಾನಿ ಫಿಂಡ್ಲೇಟರ್, 1969ರಲ್ಲಿ. ಸಮುದ್ರ ದಾಟುವಾಗ ದಾರಿಯುದ್ದಕ್ಕೂ ಅದು ಆವಿ ಹೀರಿಕೊಂಡು ಬರುತ್ತದೆ.

ಬರುವುದೇನೋ ಬರುತ್ತದೆ, ಆದರೆ ಮಧ್ಯೆ ಸಹ್ಯಾದ್ರಿ ನಿಂತಿದೆ. ಆಗುಂಬೆ ವರ್ಷಕ್ಕೆ ಏಳು ಮೀಟರಿಗೂ ಮೇಲೆ ಇಳಿಸಿಕೊಳ್ಳುತ್ತದೆ. ಘಟ್ಟ ಇಳಿದು ಪೂರ್ವಕ್ಕೆ ಬಂದ ಗಾಳಿ ಬೆಚ್ಚಗಾಗಿ, ಇದ್ದಷ್ಟು ಆವಿಯನ್ನೂ ಹನಿಗಟ್ಟಲು ಬಿಡದೆ ಹಿಡಿದುಕೊಳ್ಳುತ್ತದೆ. ರಾಯಚೂರಿಗೆ ಅರವತ್ತು ಎಪ್ಪತ್ತು ಸೆಂಟಿಮೀಟರು ದಕ್ಕಿದರೆ ಪುಣ್ಯ. ನಾವು ಇನ್ನೂ ಪೂರ್ವಕ್ಕಿದ್ದೇವೆ.

ಇಲ್ಲೊಂದು ಗುಟ್ಟು. ಸಹ್ಯಾದ್ರಿ ಕಸಿದುಕೊಂಡ ನೀರಿನ ಒಂದು ಪಾಲು ನಮಗೆ ಬೇರೆ ದಾರಿಯಲ್ಲಿ ಬಂದು ಸೇರುತ್ತದೆ. ಮಹಾಬಳೇಶ್ವರದ ಮಳೆ ಕೃಷ್ಣೆಯಾಗಿ ಆಲಮಟ್ಟಿ, ನಾರಾಯಣಪುರ, ಜುರಾಲ, ಶ್ರೀಶೈಲ ಹಾಯ್ದು ನಾಗಾರ್ಜುನ ಸಾಗರ ಮುಟ್ಟಿ, ಅಲ್ಲಿಂದ ಪೈಪಿನಲ್ಲಿ ಹೈದರಾಬಾದಿಗೆ ಏರುತ್ತದೆ. ಬೀದರ ಜಿಲ್ಲೆಯನ್ನು ಸುತ್ತಿಕೊಂಡು ಬರುವ ಮಾಂಜರಾ ನದಿಯ ನೀರನ್ನೂ ಈ ಶಹರ ಕುಡಿದಿದೆ. ಗಾಳಿಯಲ್ಲಿ ಬರಬೇಕಿದ್ದ ನೀರಿಗೆ ಪಂಪ್ ಹಚ್ಚಿ, ಬಿಲ್ಲು ಕಟ್ಟಿ ತರಿಸಿಕೊಳ್ಳುವ ಏರ್ಪಾಡು.

ಪೂರ್ವದ ಕೊಳವೆ ಬಂಗಾಳ ಕೊಲ್ಲಿಯದು. ಅರಬ್ಬಿ ಸಮುದ್ರ ನಮಗೆ ಐನೂರು ಕಿಲೋಮೀಟರಿಗೂ ದೂರ. ಕೊಲ್ಲಿ ಸುಮಾರು ಮುನ್ನೂರು. ನಡುವೆ ಸಹ್ಯಾದ್ರಿಯಷ್ಟು ಎತ್ತರದ ಅಖಂಡ ಗೋಡೆ ಇಲ್ಲ. ಪೂರ್ವಘಟ್ಟಗಳು ಕೃಷ್ಣೆ ಗೋದಾವರಿಗಳಿಗೆ ಬಾಗಿಲು ಬಿಟ್ಟಿವೆ. ಈ ಕೊಳವೆ ಸದಾ ಹರಿಯುವುದಿಲ್ಲ. ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಆ ಸುಳಿ ಪಶ್ಚಿಮಕ್ಕೆ ಹೊರಟಾಗ ಮಾತ್ರ ತೆರೆಯುತ್ತದೆ. ತೆರೆದರೆ ಏನಾಗುತ್ತದೆಂಬುದು ಮುಂದಿದೆ.

ಚಿಕ್ಕ ಕೊಳವೆ ಕಾಲಡಿಯಲ್ಲೇ ಇದೆ. ಜುಲೈನಲ್ಲಿ ನೆನೆದ ನೆಲ, ಭತ್ತದ ಗದ್ದೆ, ಹತ್ತಿ ಹೊಲ, ಕಾಪ್ರಾ ಕೆರೆ, ಬೇವಿನ ಎಲೆ ಎಲ್ಲವೂ ಬಿಸಿಲಿಗೆ ಆವಿ ಉಗುಳುತ್ತವೆ. ಆಗಸ್ಟು ಸೆಪ್ಟೆಂಬರಿನ ಮಳೆಯಲ್ಲಿ ಹೀಗೆ ಎರಡನೆಯ ಸಲ ಸುರಿಯುವ ನೀರೂ ಇರುತ್ತದೆ. ನಿಮ್ಮ ಬಡಾವಣೆಯಲ್ಲಿ ನೆಲಕ್ಕೆಲ್ಲ ಕಾಂಕ್ರೀಟು ಬಳಿದಿದ್ದರೆ ಈ ಕೊಳವೆ ಮುಚ್ಚಿಹೋಗಿದೆ. ಅದಕ್ಕೆ ಕಂಪನಿ ಹೊಣೆಯಲ್ಲ.

ಚಾಲನೆ

ಸ್ವಿಚ್ ಹುಡುಕಬೇಡಿ. ಉಪಕರಣ ನಡೆಯುವುದು ಒಂದೇ ಕ್ರಿಯೆಯಿಂದ: ಗಾಳಿಯನ್ನು ಮೇಲಕ್ಕೆ ಎತ್ತಬೇಕು. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ, ತಣಿದ ಗಾಳಿ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹನಿಯಾಗಿಸುತ್ತದೆ. ಎತ್ತುವವರು ಇಲ್ಲದಿದ್ದರೆ ಟ್ಯಾಂಕರು ತುಂಬಿ ತುಳುಕಿದರೂ ಒಂದು ಹನಿ ಇಳಿಯದು.

ವಿದ್ಯುತ್ ಸಂಪರ್ಕ ಬೇಕಿಲ್ಲ. ಇಂಧನ ಆವಿಯಲ್ಲೇ ಅಡಗಿದೆ. ಸಮುದ್ರದ ಒಂದು ಲೀಟರ್ ನೀರು ಆವಿಯಾಗಲು ಸುಮಾರು ಮೂರರಲ್ಲಿ ಎರಡು ಪಾಲು ಯೂನಿಟ್ ವಿದ್ಯುತ್ತಿನಷ್ಟು ಶಾಖ ತಗಲುತ್ತದೆ. ಸೂರ್ಯ ಅಲ್ಲಿ ಕಟ್ಟಿದ ಈ ಹಣ ಇಲ್ಲಿ ಆವಿ ಹನಿಗಟ್ಟುವಾಗ ಪೈಸೆ ಬಿಡದೆ ವಾಪಸು ಬರುತ್ತದೆ. ಬಂದ ಶಾಖ ಸುತ್ತಲಿನ ಗಾಳಿಯನ್ನು ಕಾಯಿಸಿ ಇನ್ನಷ್ಟು ಮೇಲೆ ಎತ್ತುತ್ತದೆ, ಬುಡದಲ್ಲಿ ತೆರವಾದ ಜಾಗಕ್ಕೆ ಅಕ್ಕಪಕ್ಕದ ಹಸಿ ಗಾಳಿ ನುಗ್ಗುತ್ತದೆ. ಒಮ್ಮೆ ಹಿಡಿಯಿತೆಂದರೆ ಉಪಕರಣ ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ.

ಇದನ್ನು ಪರೀಕ್ಷಿಸಲು ನಿಮ್ಮ ಮನೆಯ ಕೂಲರ್ ಸಾಕು. ಮೇ ತಿಂಗಳ ಒಣ ಮಧ್ಯಾಹ್ನ ಕೂಲರಿನ ಹುಲ್ಲಿನ ಪರದೆಯಿಂದ ನೀರು ಆವಿಯಾಗಿ, ಕೋಣೆಯ ಗಾಳಿಯ ಶಾಖ ಕಿತ್ತುಕೊಂಡು ತಂಪೆರೆಯುತ್ತದೆ. ಜೂನ್ ಎರಡನೇ ವಾರ, ಮೃಗಶಿರ ಕೂಡಿ, ನಾಂಪಲ್ಲಿ ಮೈದಾನದಲ್ಲಿ ಉಬ್ಬಸದವರು ಮೀನಿನ ಮದ್ದಿಗೆ ಸಾಲು ನಿಲ್ಲುವ ಹೊತ್ತಿಗೆ ಅದೇ ಕೂಲರು ಬರೀ ಹಸಿ ಗಾಳಿ ಊದತೊಡಗಿದರೆ ಮೆಕ್ಯಾನಿಕ್ಕನ್ನು ಕರೆಯಬೇಡಿ. ಟ್ಯಾಂಕರು ತುಂಬಿತೆಂದು ಅರ್ಥ. ಇನ್ನೂ ಖಚಿತವಾದ ಅಳತೆ ಬೇಕಿದ್ದರೆ ಬೇಗಂಪೇಟೆಯಿಂದ ಹವಾಮಾನ ಇಲಾಖೆ ಬಿಡುವ ಬಲೂನು ಏರುತ್ತಾ ಏರುತ್ತಾ ತೇವಾಂಶದ ಲೆಕ್ಕವನ್ನು ರೇಡಿಯೋದಲ್ಲಿ ಕಳಿಸುತ್ತದೆ.

ಪೂರ್ಣ ಸಾಮರ್ಥ್ಯದ ಪ್ರಾತ್ಯಕ್ಷಿಕೆ

2020ರ ಅಕ್ಟೋಬರ್ 13. ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ ಬೆಳಿಗ್ಗೆ ಕಾಕಿನಾಡದ ಬಳಿ ದಡ ಹತ್ತಿ ಪಶ್ಚಿಮಕ್ಕೆ ಹೊರಟಿತು. ಸಂಜೆಯ ಹೊತ್ತಿಗೆ ಹೈದರಾಬಾದು ಅದರ ದಾರಿಯಲ್ಲಿತ್ತು. ಮರುದಿನ ಬೆಳಗಿನ ಲೆಕ್ಕಕ್ಕೆ ಬೇಗಂಪೇಟೆಯಲ್ಲಿ 19 ಸೆಂ.ಮೀ., ನಮ್ಮ ಪೂರ್ವಕ್ಕೇ ಇರುವ ಘಟಕೇಸರದಲ್ಲಿ 32 ಸೆಂ.ಮೀ.

ಈಗ ಟೆರೇಸಿನ ಗಣಿತ ಮಾಡಿ. ಅಂಥ ದಿನ ಟ್ಯಾಂಕರು ಹೆಚ್ಚೆಂದರೆ ಆರು ಸಾವಿರ ಲೀಟರಿಗೆ ತುಂಬಿದ್ದೀತು. ಘಟಕೇಸರದಲ್ಲಿ ಹತ್ತು ಮೀಟರಿನ ಟೆರೇಸೊಂದರ ಮೇಲೆ ಇಳಿದದ್ದು 32,000 ಲೀಟರ್. ಉಳಿದ 26,000 ಎಲ್ಲಿತ್ತು? ಅಲ್ಲಿರಲಿಲ್ಲ. ಅದು ಕೊಲ್ಲಿಯಿಂದ ದಾರಿಯಲ್ಲಿತ್ತು. ಮೇಲಿನದು ಸುರಿದಂತೆಲ್ಲ ಪೂರ್ವದಿಂದ ಇನ್ನೊಂದು ಬಂದು ನಿಂತಿದೆ, ಅದೂ ಸುರಿದಿದೆ, ಮತ್ತೊಂದು ಬಂದಿದೆ. ಆಕಾಶ ಒಡೆದು ಬಿತ್ತು ಎಂದು ಜನ ಹೇಳಿದರು. ಆ ರಾತ್ರಿ ಬಿದ್ದದ್ದು ಆ ಜಾಗದ ಆಕಾಶವಲ್ಲ. ಸುತ್ತಲ ನೂರಾರು ಕಿಲೋಮೀಟರಿನ ಆಕಾಶಗಳು ಸರದಿಯ ಮೇಲೆ ಅಲ್ಲಿ ಬಂದು ಬಿದ್ದವು. ಹನಿಗಟ್ಟುವಾಗ ಆ ಒಂದೇ ಟೆರೇಸಿನ ಮೇಲೆ ಬಿಡುಗಡೆಯಾದ ಶಾಖ ಇಪ್ಪತ್ತು ಸಾವಿರ ಯೂನಿಟ್ಟಿಗೂ ಮೇಲೆ. ಕೆಳಗೆ ಮನೆಗಳಲ್ಲಿ ಕರೆಂಟು ಹೋಗಿತ್ತು.

ಸುರಿದ ನೀರು ಎಲ್ಲಿಗೆ ಹೋಗಬೇಕೆಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಆ ಭಾಗವನ್ನು ಇನ್ನೊಬ್ಬ ಕನ್ನಡಿಗರು ಆಗಲೇ ಬರೆದಿಟ್ಟಿದ್ದಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದ ಮೇಲೆ ನಿಜಾಮರ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ನೀರನ್ನು ಊರಿನ ಮೇಲ್ಗಡೆಯೇ ತಡೆದು ನಿಲ್ಲಿಸಿ ಎಂದು ಅವರು ಹೇಳಿದ್ದರಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಾದವು. ಆದರೆ ಅವೆರಡೂ ಊರಿನ ಪಶ್ಚಿಮಕ್ಕಿವೆ. ಪೂರ್ವದ ಬಡಾವಣೆಗಳಿಗೆ ಕೆರೆ ಮತ್ತು ನಾಲೆಗಳೇ ಗತಿ, ಅವುಗಳ ಮೇಲೆ ಪ್ಲಾಟು ಬಿದ್ದಿರದಿದ್ದರೆ.

ದೋಷ ಪತ್ತೆ

*ಮೈಯೆಲ್ಲ ಬೆವರು, ಒಗೆದ ಬಟ್ಟೆ ಎರಡು ದಿನವಾದರೂ ಆರುತ್ತಿಲ್ಲ, ಮಳೆ ಮಾತ್ರ ಇಲ್ಲ.* ಟ್ಯಾಂಕರು ತುಂಬಿದೆ, ಎತ್ತುವವರು ರಜೆಯಲ್ಲಿದ್ದಾರೆ. ಮಳೆಗಾಲದಲ್ಲಿ ದೇಶದ ನಡುವೆ ಹಾಸಿರುವ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದಿದೆ. ಬಿಹಾರ, ಅಸ್ಸಾಮಿನಲ್ಲಿ ನೆರೆ, ನಮ್ಮಲ್ಲಿ ಧಗೆ. ಸಾಮಾನ್ಯವಾಗಿ ಕೆಲ ದಿನಗಳಲ್ಲಿ ತಾನೇ ಸರಿಹೋಗುತ್ತದೆ. ಹಿಂದೂ ಮಹಾಸಾಗರದಿಂದ ಪೂರ್ವಕ್ಕೆ ಸಾಗುವ ಮೋಡಗಳ ದೊಡ್ಡ ಗುಂಪೊಂದು ಮೂವತ್ತರಿಂದ ಅರವತ್ತು ದಿನಕ್ಕೊಮ್ಮೆ ಸುತ್ತಿ ಬರುತ್ತದೆ. 1971ರಲ್ಲಿ ಇದನ್ನು ಗುರುತಿಸಿದ ಮ್ಯಾಡನ್, ಜೂಲಿಯನ್ ಅವರ ಹೆಸರೇ ಅದಕ್ಕಿದೆ. ಅದು ಬಂದಾಗ ಕೆಲಸ ಶುರುವಾಗುತ್ತದೆ. 2023ರ ಆಗಸ್ಟಿನಲ್ಲಿ ಮಾತ್ರ ರಜೆ ತಿಂಗಳಿಡೀ ಉದ್ದವಾಯಿತು: ದೇಶದ ಮಳೆ ವಾಡಿಕೆಗಿಂತ ಶೇಕಡಾ 36 ಕಡಿಮೆ, 1901ರಿಂದೀಚೆಗೆ ಅಷ್ಟು ಒಣ ಆಗಸ್ಟು ಇನ್ನೊಂದಿಲ್ಲ.

*ಮೇ ತಿಂಗಳಲ್ಲಿ ನೆಲ ಕಾದು ಕೆಂಡವಾಗಿತ್ತು, ಹಾಗಾಗಿ ಮಳೆ ಜೋರಾಗಬೇಕಿತ್ತಲ್ಲ?* ಈ ದೂರನ್ನು ಸ್ವೀಕರಿಸಲಾಗುವುದಿಲ್ಲ. ನೆಲ ಕಾದು ಸಮುದ್ರದ ಗಾಳಿಯನ್ನು ಎಳೆಯುತ್ತದೆಂದು ಎಡ್ಮಂಡ್ ಹ್ಯಾಲಿ 1686ರಲ್ಲಿ ಬರೆದದ್ದು ಈಗಲೂ ಶಾಲೆಯ ಪಾಠದಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳರು ಇದಕ್ಕೆ ಸರಳವಾದ ತಕರಾರು ತೆಗೆದರು: ನೆಲ ಹೆಚ್ಚು ಕಾಯುವುದು ಮಳೆ ಬಾರದ ವರ್ಷಗಳಲ್ಲಿ! ಸಮಭಾಜಕದ ಸುತ್ತ ಗಾಳಿ ಕೂಡಿ ಮೇಲೇರುವ ಮೋಡದ ಪಟ್ಟಿಯೊಂದಿದೆ. ಬೇಸಿಗೆಯ ಕೊನೆಗೆ ಅದು ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬರುವುದೇ ಮಾನ್ಸೂನು ಎಂದು ಅವರೂ ಡಿ. ಆರ್. ಸಿಕ್ಕಾ ಅವರೂ 1980ರಲ್ಲಿ ಉಪಗ್ರಹ ಚಿತ್ರಗಳಿಂದ ತೋರಿಸಿದರು. ಅದೇ ಗಾಡ್ಗೀಳರು ಪಾವಗಡದ ಶೇಂಗಾ ರೈತರ ಜೊತೆ ಕೂತು ಬಿತ್ತನೆಯ ದಿನದ ಲೆಕ್ಕವನ್ನೂ ಮಾಡಿದರು. ಆಕಾಶದ ವಿಜ್ಞಾನಿಗಳಲ್ಲಿ ಹೊಲಕ್ಕಿಳಿದವರು ಎಷ್ಟು ಮಂದಿ?

*ಇಡೀ ಮಳೆಗಾಲವೇ ಕೈಕೊಟ್ಟಿತು.* ಇದು ದೊಡ್ಡ ದೋಷ, ಮೂಲ ನಿಮ್ಮ ಟೆರೇಸಿನಿಂದ ಬಲು ದೂರ. ಸಾಮಾನ್ಯ ವರ್ಷಗಳಲ್ಲಿ ಶಾಂತ ಸಾಗರದ ಬೆಚ್ಚನೆಯ ನೀರು ಇಂಡೋನೇಷ್ಯದ ಕಡೆ ಒಟ್ಟಾಗಿ, ಅಲ್ಲಿ ಗಾಳಿ ಏರುತ್ತದೆ. ಎಲ್ ನಿನೋ ವರ್ಷ ಆ ನೀರು ಪೂರ್ವಕ್ಕೆ ಜಾರುತ್ತದೆ, ಏರುವ ಜಾಗವೂ ಅದರ ಹಿಂದೆ ಹೋಗುತ್ತದೆ. ಒಂದೆಡೆ ಏರಿದ್ದು ಇನ್ನೊಂದೆಡೆ ಇಳಿಯಬೇಕಲ್ಲ. ಆ ಇಳಿಗಾಳಿ ನಮ್ಮ ಮೇಲೆ ಬಿದ್ದರೆ ಮೋಡ ತಲೆ ಎತ್ತಲಾರದು.

ಕನ್ನಡ ಸೀಮೆಗೆ ಇದರ ಅತಿ ಕ್ರೂರ ಅನುಭವ 1876-78ರದು. ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು, ಬಳ್ಳಾರಿ, ರಾಯಚೂರು, ನಿಜಾಮರ ಸೀಮೆ ಒಂದನ್ನೂ ಬಿಡಲಿಲ್ಲ. ಮೈಸೂರು ಸಂಸ್ಥಾನವೊಂದರಲ್ಲೇ ಸತ್ತವರು ಸುಮಾರು ಹತ್ತು ಲಕ್ಷ. ಮಳೆಯಷ್ಟೇ ಕೊಂದದ್ದಲ್ಲ, ಧಾನ್ಯ ಹೊರಗೆ ಸಾಗಿಸಿದ ಆಡಳಿತವೂ ಕೊಂದಿತು. ಹವಾಮಾನ ಇಲಾಖೆ ಶುರುವಾಗಿ (1875) ಆಗಿನ್ನೂ ವರ್ಷವಾಗಿತ್ತು. 1904ರಲ್ಲಿ ಅದರ ಮುಖ್ಯಸ್ಥರಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್, ಗುಮಾಸ್ತರಿಂದ ಜಗತ್ತಿನ ಮೂಲೆಮೂಲೆಯ ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಿಸಿ, ಶಾಂತ ಸಾಗರದ ಒತ್ತಡ ಏರಿದಾಗ ಹಿಂದೂ ಮಹಾಸಾಗರದ್ದು ಇಳಿಯುವ ಏರುಪೇರನ್ನು ಪತ್ತೆ ಮಾಡಿದರು. ಅದಕ್ಕೂ ಎಲ್ ನಿನೋಗೂ ಗಂಟು ಹಾಕಿದ್ದು ಹವಾಮಾನ ವಿಜ್ಞಾನಿ ಬ್ಯಾರ್ಕ್ನೆಸ್, 1969ರಲ್ಲಿ.

*ಟಿವಿಯಲ್ಲಿ ಎಲ್ ನಿನೋ ಎಂದರು, ಈಗಲೇ ಟ್ಯಾಂಕರ್ ಬುಕ್ ಮಾಡಲೇ?* ತಾಳಿ. 1997ರಲ್ಲಿ ಶತಮಾನದ ಘೋರ ಎಲ್ ನಿನೋಗಳಲ್ಲಿ ಒಂದು ಬಂತು, ದೇಶದ ಮಳೆ ವಾಡಿಕೆಗಿಂತ ಚೂರು ಹೆಚ್ಚೇ ಆಯಿತು. 2002ರಲ್ಲಿ ಅಂಥ ಜೋರಿನದೇನೂ ಅಲ್ಲ, ಜುಲೈ ಮಳೆ ಅರ್ಧಕ್ಕಿಳಿದು ಹಂಗಾಮು ಶೇಕಡಾ 19 ಖೋತಾ. ಈ ಒಗಟಿಗೆ ಒಂದು ಉತ್ತರ ನಮ್ಮದೇ ಸಮುದ್ರದಲ್ಲಿದೆ. ಆಫ್ರಿಕದ ಬದಿಯ ಹಿಂದೂ ಮಹಾಸಾಗರ ಬೆಚ್ಚಗಾಗಿ ಸುಮಾತ್ರದ ಬದಿ ತಣ್ಣಗಾದರೆ ನಮ್ಮ ಪಶ್ಚಿಮದ ಕೊಳವೆಗೆ ಬಲ ಬರುತ್ತದೆ, ತಿರುಗುಮುರುಗಾದರೆ ಸೊರಗುತ್ತದೆ. ಈ ತೂಗಾಟವನ್ನು 1999ರಲ್ಲಿ ಜಗತ್ತಿಗೆ ತೋರಿಸಿದ ನಾಲ್ವರಲ್ಲಿ ಗೋಸ್ವಾಮಿ, ವಿನಯಚಂದ್ರನ್ ಇಬ್ಬರೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅದೇ 1999ರಲ್ಲಿ ಸಾಗರ ಮಾಹಿತಿ ಸೇವೆಯ ರಾಷ್ಟ್ರೀಯ ಕೇಂದ್ರ ಶುರುವಾದದ್ದೂ, ಸಮುದ್ರವಿಲ್ಲದ ಈ ಹೈದರಾಬಾದಿನಲ್ಲಿ. ನಮ್ಮ ಟ್ಯಾಂಕರು ತುಂಬುವ ಸಮುದ್ರದ ಮೀಟರ್ ರೀಡಿಂಗು ಅವರ ಬಳಿ ಸಿಗುತ್ತದೆ.

ಹೊಸ ಆವೃತ್ತಿಯ ಸೂಚನೆ

ಉಪಕರಣವನ್ನು ಗ್ರಾಹಕರ ಒಪ್ಪಿಗೆ ಕೇಳದೆ ಬದಲಾಯಿಸಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಕಾದರೆ ಅದು ಹಿಡಿಯಬಲ್ಲ ಆವಿ ಸುಮಾರು ಶೇಕಡಾ 7 ಹೆಚ್ಚುತ್ತದೆ. ಜಗತ್ತಿನ ಒಟ್ಟು ಮಳೆ ಹೆಚ್ಚುವುದು ಶೇಕಡಾ ಎರಡು ಮೂರು ಮಾತ್ರ. ಟ್ಯಾಂಕರು ದೊಡ್ಡದಾಯಿತು, ಸರಬರಾಜು ಅಷ್ಟು ಹೆಚ್ಚಲಿಲ್ಲ. ಹಾಗಾದರೆ ಸುರಿದಾಗ ಧೋ ಎಂದು ಸುರಿದು, ಮುಂದಿನ ಸರದಿ ತಡವಾಗಲೇಬೇಕು. ಪುಣೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮಧ್ಯ ಭಾರತದ ಪಟ್ಟಿಯಲ್ಲಿ ವಿಸ್ತಾರವಾಗಿ ಸುರಿಯುವ ವಿಪರೀತ ಮಳೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ, ಒಟ್ಟು ಮಳೆ ಇಳಿಮುಖವಾಗಿದ್ದರೂ. ರೋಹಿಣಿ ಮಳೆ ಬಿದ್ದರೆ ಓಣಿಯೆಲ್ಲ ಜೋಳ ಎಂದು ನಂಬಿ ಬಿತ್ತುವ ರೈತನಿಗೆ ವರ್ಷದ ಸರಾಸರಿ ಸರಿಯಿದೆ ಎಂದರೆ ಏನು ಸಿಕ್ಕಂತಾಯಿತು?

ವಾರಂಟಿ ಕಾರ್ಡನ್ನು ಈ ಪುಟದಿಂದ ತೆಗೆಯಲಾಗಿದೆ.

ಗ್ರಾಹಕ ಸೇವೆ

ಕಲಬುರಗಿ, ಬೀದರ, ಯಾದಗಿರಿಯ ಕಡೆ ನೆಂಟರಿದ್ದರೆ ಅವರ ಫೋನ್ ನಂಬರು ಕೈಯಳತೆಯಲ್ಲಿರಲಿ. ನಿಜಾಮರ ಕಾಲದಿಂದ ಈ ಶಹರಕ್ಕೆ ಬಂದು ನೆಲೆಸಿದ ಕನ್ನಡಿಗರಿಗೆ ಈ ಸೌಲಭ್ಯ ಸಹಜವಾಗಿಯೇ ಇದೆ. ಜೂನ್ ಮೊದಲ ವಾರ ಮುಂಗಾರು ನೈರುತ್ಯದಿಂದ ಮುಂದೊತ್ತುವಾಗ ಸುದ್ದಿ ಅತ್ತಲಿಂದ ಬರಬೇಕು: "ಇಲ್ಲಿ ಮಳಿ ಹಿಡದದ ನೋಡಪಾ, ನಿಮ್ಮಲ್ಲಿ ಎರಡ್ ದಿನಕ್ಕ ಬರ್ತದ." ಕೊಲ್ಲಿಯ ಸುಳಿ ಬಂದಾಗ ಫೋನು ಇತ್ತಲಿಂದ ಹೋಗಬೇಕು. 2020ರ ಆ ಸುಳಿ ನಮ್ಮನ್ನು ದಾಟಿ, ಕಲಬುರಗಿ, ವಿಜಯಪುರ, ಸೊಲ್ಲಾಪುರದ ಮೇಲೆ ಹಾಯ್ದು, ಭೀಮೆಯನ್ನು ಉಕ್ಕಿಸಿ, ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಂಥ ರಾತ್ರಿ ನಿಮ್ಮ ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನೀರಿದ್ದರೂ ಸರಿ, ಮೊದಲು ಫೋನು ಮಾಡಿ: "ಅವ್ವಾ, ಇಲ್ಲಿ ಭಾಳ ಹೊಡದದ. ನಾಳಿ ನಿಮ್ಮ ಕಡಿ ಬರ್ತದ. ಸೋಯಾ ರಾಶಿ ಮ್ಯಾಲ ತಾಡಪತ್ರಿ ಹಾಕಸ್ರಿ, ಹಳ್ಳದ ಕಡಿ ಯಾರೂ ಹೋಗಬ್ಯಾಡ್ರಿ."

ಏಪ್ರಿಲ್ ಮೇ ತಿಂಗಳ ಆಲಿಕಲ್ಲು ಮಳೆಗೆ ಈ ಸೇವೆ ಅನ್ವಯಿಸುವುದಿಲ್ಲ. ಅದು ಮಧ್ಯಾಹ್ನದ ಬಿಸಿಲಿಗೆ ಇದ್ದಕ್ಕಿದ್ದಂತೆ ಎದ್ದು, ಮಲ್ಲಾಪುರದಲ್ಲಿ ಕಾರಿನ ಗಾಜು ಒಡೆದು, ಕಾಪ್ರಾದಲ್ಲಿ ಒಂದು ಹನಿಯೂ ಬೀಳಿಸದೆ ಹೋಗಬಹುದು. ಟೆರೇಸಿನ ಮೇಲೆ ಹಪ್ಪಳ ಸಂಡಿಗೆ ಹಾಕಿದ್ದರೆ ನಾಲ್ಕು ಗಂಟೆಗೆ ಒಳಗೆ ತನ್ನಿ.